ಬಜಾರೊವ್ ಯಾರ ಮಗ?

ಇವಾನ್ ತುರ್ಗೆನೆವ್ ಬರೆದ ‘ತಂದೆಯರು ಮತ್ತು ಮಕ್ಕಳು’ ಕಾದಂಬರಿ ಮಾಸ್ಕೋದ ‘ರುಸ್ಕಿ ವೆಸ್ತ್ನಿಕ್’ ಪತ್ರಿಕೆಯ 1862ರ ಫೆಬ್ರವರಿ ಸಂಚಿಕೆಯಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ರಷ್ಯಾದಲ್ಲಿ ಇದಕ್ಕಿಂತ ಹಿರಿದಾದ ಕಾದಂಬರಿಗಳು ಬಂದಿವೆ. ಆದರೆ ಓದುಗರನ್ನು ಇಷ್ಟು ಬೇಗ, ಇಷ್ಟು ಸಿಟ್ಟಿನಿಂದ ಪಂಗಡಗಳಾಗಿ ಒಡೆದ ಕೃತಿ ಇನ್ನೊಂದಿಲ್ಲ. ತಂದೆ–ಮಕ್ಕಳ ಜಗಳದ ಕಥೆಯನ್ನು ಓದಿದವರು ತಾವೇ ತಂದೆ–ಮಕ್ಕಳಾಗಿ ಜಗಳಕ್ಕೆ ನಿಂತರು. ಕಾದಂಬರಿಯ ನಾಯಕ ಬಜಾರೊವ್‌ನನ್ನು ಕೆಲವರು ತಮ್ಮವನಲ್ಲವೆಂದು ಹೊರಹಾಕಿದರು, ಕೆಲವರು ದತ್ತು ತೆಗೆದುಕೊಂಡರು. ಹೆತ್ತ ಲೇಖಕನ ಮಾತನ್ನು ಬಹಳ ಕಾಲ ಯಾರೂ ಕೇಳಿಸಿಕೊಳ್ಳಲಿಲ್ಲ.

ಕಥೆ ತೊಡಗುವುದು 1859ರ ಮೇ 20ರಂದು. ನಿಕೊಲಾಯ್ ಪೆಟ್ರೊವಿಚ್ ಕಿರ್ಸಾನೊವ್ ಎಂಬ ಜಮೀನ್ದಾರ ದಾರಿಬದಿಯ ಸತ್ರದ ಮುಂದೆ ಮಗನ ಬರವನ್ನು ಕಾಯುತ್ತಿದ್ದಾನೆ. ಪೀಟರ್ಸ್‌ಬರ್ಗ್‌ನಲ್ಲಿ ಪದವಿ ಮುಗಿಸಿದ ಮಗ ಅರ್ಕಾಡಿ ಒಬ್ಬನೇ ಬರುವುದಿಲ್ಲ, ಗೆಳೆಯ ಯೆವ್ಗೆನಿ ಬಜಾರೊವ್‌ನನ್ನೂ ಕರೆತರುತ್ತಾನೆ. ಬಜಾರೊವ್ ವೈದ್ಯಕೀಯ ವಿದ್ಯಾರ್ಥಿ. ಬೆಳಿಗ್ಗೆ ಎದ್ದು ಹಳ್ಳದಲ್ಲಿ ಕಪ್ಪೆ ಹಿಡಿದು ತಂದು ಕೊಯ್ದು ನೋಡುವವನು. ಕಾವ್ಯ, ಪ್ರೇಮ, ಮನೆತನದ ಮರ್ಯಾದೆ, ಹಿರಿಯರ ಮಾತು ಯಾವುದಕ್ಕೂ ಪುರಾವೆಯಿಲ್ಲದೆ ತಲೆಬಾಗುವವನಲ್ಲ; ಕಾದಂಬರಿ ಇಂಥವನನ್ನು ‘ನಿಹಿಲಿಸ್ಟ್’ ಎಂದು ಕರೆಯುತ್ತದೆ. ಅರ್ಕಾಡಿಯ ದೊಡ್ಡಪ್ಪ ಪಾವೆಲ್ ಪೆಟ್ರೊವಿಚ್ ಇಂಗ್ಲಿಷ್ ಉಡುಪಿನ, ಉಗುರು ತೀಡಿದ ಹಳೆಯ ಕುಲೀನ. ಅವನಿಗೂ ಬಜಾರೊವ್‌ಗೂ ಊಟದ ಮೇಜಿನಲ್ಲಿ ಮಾತಿನ ಜಗಳ ಹತ್ತುತ್ತದೆ, ಕೊನೆಗೆ ಪಿಸ್ತೂಲಿನ ದ್ವಂದ್ವದವರೆಗೂ ಹೋಗುತ್ತದೆ. ಪ್ರೇಮವನ್ನು ಗೇಲಿ ಮಾಡುತ್ತಿದ್ದ ಬಜಾರೊವ್ ಅನ್ನಾ ಒಡಿಂತ್ಸೊವಾ ಎಂಬ ವಿಧವೆಯನ್ನು ಪ್ರೀತಿಸಿ ಸೋಲುತ್ತಾನೆ. ಹಳ್ಳಿಯಲ್ಲಿರುವ ಅಪ್ಪ ಅಮ್ಮನ ಬಳಿಗೆ ಮರಳಿ, ಟೈಫಸ್‌ನಿಂದ ಸತ್ತ ರೈತನೊಬ್ಬನ ಶವಪರೀಕ್ಷೆಯಲ್ಲಿ ಬೆರಳು ಕೊಯ್ದುಕೊಳ್ಳುತ್ತಾನೆ. ಗಾಯ ಸುಡುವ ಕಾಸ್ಟಿಕ್ ಅಲ್ಲಿದ್ದ ವೈದ್ಯನ ಹತ್ತಿರವೂ ಇರುವುದಿಲ್ಲ. ನಂಜೇರಿ ಸಾಯುತ್ತಾನೆ.

ಇಷ್ಟು ಕಥೆ ಒಂದು ದೇಶವನ್ನು ಏಕೆ ಕಲಕಿತು ಎಂಬುದಕ್ಕೆ ಉತ್ತರ ಕಾದಂಬರಿಯ ಹೊರಗಿದೆ. 1855ರಲ್ಲಿ ಒಂದನೆಯ ನಿಕೊಲಾಯ್ ತೀರಿಕೊಂಡ, ಮರುವರ್ಷ ಕ್ರಿಮಿಯಾ ಯುದ್ಧ ಸೋಲಿನಲ್ಲಿ ಮುಗಿಯಿತು. ಹಳೆಯ ವ್ಯವಸ್ಥೆ ನಡೆಯದೆಂಬುದು ಅರಮನೆಗೂ ತಿಳಿಯಿತು. 1861ರ ಫೆಬ್ರವರಿಯಲ್ಲಿ ಎರಡನೆಯ ಅಲೆಕ್ಸಾಂಡರ್ ಜೀತಪದ್ಧತಿಯನ್ನು ರದ್ದುಪಡಿಸಿದಾಗ ಜಮೀನ್ದಾರರ ಹಿಡಿತದಲ್ಲಿದ್ದ ಸುಮಾರು 2.3 ಕೋಟಿ ರೈತರು ಕಾನೂನಿನ ಮಟ್ಟಿಗಾದರೂ ಸ್ವತಂತ್ರರಾದರು. ಜಮೀನ್ದಾರರ ಮಕ್ಕಳು ಅಪ್ಪನ ಆಸ್ತಿ ಯಾವುದರ ಮೇಲೆ ನಿಂತಿತ್ತೆಂದು ಕೇಳತೊಡಗಿದ್ದು ಈ ವರ್ಷಗಳಲ್ಲಿಯೇ. ಅವರ ಜೊತೆಗೆ ಇನ್ನೊಂದು ವರ್ಗವೂ ಮುಂದೆ ಬಂತು. ಹಳ್ಳಿ ಪಾದ್ರಿಗಳ, ಕೆಳಹಂತದ ಗುಮಾಸ್ತರ, ಸೈನ್ಯದ ವೈದ್ಯರ ಮಕ್ಕಳು ವಿಶ್ವವಿದ್ಯಾಲಯ ಹೊಕ್ಕು, ಪಾಠ ಹೇಳಿ, ಅನುವಾದ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ತನ್ನ ಅಜ್ಜ ನೇಗಿಲು ಹಿಡಿದವನೆಂದು ಹೆಮ್ಮೆಪಡುವ ಬಜಾರೊವ್ ಈ ವರ್ಗದವನು.

ಇವರೆಲ್ಲ ಕಲೆಯುತ್ತಿದ್ದುದು ‘ದಪ್ಪ ಪತ್ರಿಕೆ’ಗಳೆಂದು ರಷ್ಯನ್ನರು ಕರೆಯುತ್ತಿದ್ದ ಮಾಸಪತ್ರಿಕೆಗಳಲ್ಲಿ. ಪಕ್ಷ, ಶಾಸನಸಭೆ, ಸಾರ್ವಜನಿಕ ಸಭೆ ಯಾವುದೂ ಇಲ್ಲದ ದೇಶದಲ್ಲಿ ಸಾಹಿತ್ಯ ವಿಮರ್ಶೆಯ ಹೆಸರಿನಲ್ಲಿ ರಾಜಕೀಯ ಬರೆಯಬಹುದಾಗಿತ್ತು. ಸೆನ್ಸಾರ್ ಅಧಿಕಾರಿಯ ಕಣ್ಣು ತಪ್ಪಿಸುವ ಭಾಷೆಯನ್ನು ಬರೆಯುವವರೂ ಓದುವವರೂ ಕಲಿತಿದ್ದರು. ಪುಷ್ಕಿನ್ 1836ರಲ್ಲಿ ಆರಂಭಿಸಿದ ‘ಸೊವ್ರೆಮೆನ್ನಿಕ್’ ಈಗ ಕವಿ ನೆಕ್ರಾಸೊವ್‌ನ ಕೈಯಲ್ಲಿತ್ತು. ಅದಕ್ಕೆ ಆರೇಳು ಸಾವಿರ ಚಂದಾದಾರರು. ಒಂದು ಪ್ರತಿ ಊರಿಡೀ ತಿರುಗುತ್ತಿದ್ದುದರಿಂದ ನಿಜವಾದ ಓದುಗರ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದು. ತುರ್ಗೆನೆವ್ ಅಲ್ಲಿನ ಹಿರಿಯ ಲೇಖಕನಾಗಿದ್ದ. ಐವತ್ತರ ದಶಕದಲ್ಲಿ ಚೆರ್ನಿಶೆವ್ಸ್ಕಿ, ಅವನ ಹಿಂದೆ ದೊಬ್ರೊಲ್ಯುಬೊವ್ ಎಂಬ ಇಬ್ಬರು ಪಾದ್ರಿಪುತ್ರರು ಬಂದು ಪತ್ರಿಕೆಯ ಚುಕ್ಕಾಣಿ ಹಿಡಿದರು. ಚೆರ್ನಿಶೆವ್ಸ್ಕಿ ಬರಿಯ ಹಾವು, ದೊಬ್ರೊಲ್ಯುಬೊವ್ ಕನ್ನಡಕವಿರುವ ನಾಗರಹಾವು ಎಂದು ತುರ್ಗೆನೆವ್ ಚಟಾಕಿ ಹಾರಿಸಿದ್ದನಂತೆ. 1860ರಲ್ಲಿ ದೊಬ್ರೊಲ್ಯುಬೊವ್ ಅವನ ‘ಮುನ್ನಾದಿನ’ ಕಾದಂಬರಿಯನ್ನು ನೆಪವಾಗಿಟ್ಟುಕೊಂಡು ಕ್ರಾಂತಿಯ ಹಗಲು ಎಂದು ಬರುವುದೆಂದು ಕೇಳುವ ಲೇಖನ ಬರೆದ. ಅದನ್ನು ಅಚ್ಚು ಹಾಕಬೇಡ ಎಂದು ತುರ್ಗೆನೆವ್ ನೆಕ್ರಾಸೊವ್‌ನನ್ನು ಕೇಳಿಕೊಂಡ. ಲೇಖನ ಅಚ್ಚಾಯಿತು, ತುರ್ಗೆನೆವ್ ಪತ್ರಿಕೆಯನ್ನು ಬಿಟ್ಟ. ಮರುವರ್ಷ ನವೆಂಬರ್‌ನಲ್ಲಿ ದೊಬ್ರೊಲ್ಯುಬೊವ್ 25ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ. ಬಜಾರೊವ್‌ನ ಸಾವನ್ನು ಓದಿದ ಗೆಳೆಯರಿಗೆ ಆ ಸಾವು ನೆನಪಾಗದೆ ಇರುವುದು ಸಾಧ್ಯವಿರಲಿಲ್ಲ.

ಕಾದಂಬರಿ ಹೊಳೆದದ್ದು ಮಾತ್ರ ರಷ್ಯಾದಿಂದ ಬಹಳ ದೂರದಲ್ಲಿ, 1860ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ವೈಟ್ ದ್ವೀಪದ ವೆಂಟ್ನರ್ ಎಂಬ ಕಡಲೂರಿನಲ್ಲಿ. ಬಜಾರೊವ್‌ನ ಹಿಂದೆ ತಾನು ಕಂಡ ಒಬ್ಬ ತರುಣ ಪ್ರಾಂತೀಯ ವೈದ್ಯನಿದ್ದನೆಂದು ತುರ್ಗೆನೆವ್ ಮುಂದೆ ಬರೆದ. ಬರವಣಿಗೆ ಮುಗಿದದ್ದು 1861ರ ಜುಲೈ ಕೊನೆಯಲ್ಲಿ, ಒರ್ಯೋಲ್ ಪ್ರಾಂತ್ಯದ ಸ್ಪಾಸ್ಕೊಯೆ ಎಂಬ ತಾಯಿಯ ಕಡೆಯ ಎಸ್ಟೇಟಿನಲ್ಲಿ. ಅಲ್ಲಿ ಬಾಲ್ಯದಲ್ಲಿ ತಾಯಿ ಜೀತದಾಳುಗಳನ್ನೂ ಮಕ್ಕಳನ್ನೂ ಹೊಡೆಸುತ್ತಿದ್ದುದನ್ನು ಅವನು ಮರೆತಿರಲಿಲ್ಲ. ಹಸ್ತಪ್ರತಿ ನೋಡಿದ ‘ರುಸ್ಕಿ ವೆಸ್ತ್ನಿಕ್’ ಸಂಪಾದಕ ಕಾತ್ಕೊವ್‌ಗೆ ಕಸಿವಿಸಿಯಾಯಿತು. ಬಜಾರೊವ್ ತೀರಾ ಎತ್ತರದಲ್ಲಿದ್ದಾನೆ, ಅವನಿಗೆ ಸಮನಾಗಿ ನಿಂತು ಉತ್ತರ ಕೊಡುವವರು ಕಥೆಯಲ್ಲಿಲ್ಲ ಎಂಬುದು ಅವನ ದೂರು. ಒತ್ತಾಯಕ್ಕೆ ಬಿದ್ದು ತುರ್ಗೆನೆವ್ ಕೆಲವೆಡೆ ತಿದ್ದಿದ. ಅದೇ ವರ್ಷ ಬಂದ ಪುಸ್ತಕರೂಪದಲ್ಲಿ ಕೆಲವನ್ನು ಮೊದಲಿನಂತೆ ಮಾಡಿ, ಕೃತಿಯನ್ನು ಗತಿಸಿದ ವಿಮರ್ಶಕ ಬೆಲಿನ್ಸ್ಕಿಯ ನೆನಪಿಗೆ ಅರ್ಪಿಸಿದ. ಬೆಲಿನ್ಸ್ಕಿ ಹಳೆಯ ತಲೆಮಾರಿನವನಾದರೂ ಬಡ ವೈದ್ಯನ ಮಗ, ಹೊಸಬರೂ ತಮ್ಮ ಹಿರಿಯನೆಂದು ಒಪ್ಪಿದವನು. ಆ ಅರ್ಪಣೆಯಲ್ಲಿ ಒಂದು ರಾಜಿಯ ಆಸೆಯಿತ್ತು, ಯಾರೂ ಅದನ್ನು ಗಮನಿಸಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ‘ಸೊವ್ರೆಮೆನ್ನಿಕ್’ನಿಂದ. ಮಾರ್ಚ್ ಸಂಚಿಕೆಯಲ್ಲಿ ಮಕ್ಸಿಮ್ ಅಂತೊನೊವಿಚ್ ಬರೆದ ‘ನಮ್ಮ ಕಾಲದ ಅಸ್ಮೊದೆಯ್’ ಕಾದಂಬರಿಯನ್ನು ಯುವಜನರ ಮೇಲಿನ ಚಾಡಿಯೆಂದು ಕರೆಯಿತು. ಶೀರ್ಷಿಕೆಯೇ ಬೈಗುಳ. ಅಸ್ಕೊಚೆನ್ಸ್ಕಿ ಎಂಬ ಸಂಪ್ರದಾಯವಾದಿಯೊಬ್ಬನ ಹಳೆಯ ಕಾದಂಬರಿಯ ಹೆಸರನ್ನು ಎತ್ತಿಕೊಂಡು, ತುರ್ಗೆನೆವ್‌ನನ್ನು ಅವನ ಸಾಲಿನಲ್ಲಿ ಕೂರಿಸಲಾಗಿತ್ತು. ಲೇಖಕ ತನ್ನ ನಾಯಕನನ್ನು ಸ್ವಂತ ಶತ್ರುವಿನಂತೆ ದ್ವೇಷಿಸುತ್ತಾನೆ, ಅವನನ್ನು ಹೊಟ್ಟೆಬಾಕನಾಗಿ, ಒರಟನಾಗಿ, ಹೆತ್ತವರ ಮೇಲೆ ಕರುಣೆಯಿಲ್ಲದವನಾಗಿ ಚಿತ್ರಿಸುತ್ತಾನೆ, ಅಪ್ಪಂದಿರನ್ನು ಮಾತ್ರ ಅಕ್ಕರೆಯಿಂದ ಬಿಡಿಸುತ್ತಾನೆ ಎಂದು ಅಂತೊನೊವಿಚ್ ಪುಟಗಟ್ಟಲೆ ಪಟ್ಟಿ ಮಾಡಿದ. ಇದು ಕಳಪೆ ಓದು. ಪಾತ್ರ ಆಡಿದ ಮಾತಿಗೂ ಲೇಖಕನ ಅಭಿಪ್ರಾಯಕ್ಕೂ ನಡುವೆ ಇರುವ ಅಂತರವೇ ಅವನಿಗೆ ಕಾಣಲಿಲ್ಲ. ಆದರೂ ಅವನ ಸಿಟ್ಟನ್ನು ಅರ್ಥಮಾಡಿಕೊಳ್ಳಬಹುದು. ದೊಬ್ರೊಲ್ಯುಬೊವ್ ಸತ್ತು ಕೆಲವೇ ತಿಂಗಳಾಗಿತ್ತು, ಪತ್ರಿಕೆಯ ಬೆನ್ನ ಹಿಂದೆ ಪೊಲೀಸರಿದ್ದರು, ಇಂಥ ಹೊತ್ತಿನಲ್ಲಿ ಮನೆ ಬಿಟ್ಟು ಹೋದ ಹಿರಿಯನೊಬ್ಬ ಎದುರು ಪತ್ರಿಕೆಯಲ್ಲಿ ಕುಳಿತು ತಮ್ಮ ಚಿತ್ರ ಬರೆದಿದ್ದ.

ಅದೇ ಮಾರ್ಚ್‌ನಲ್ಲಿ ‘ರುಸ್ಕೊಯೆ ಸ್ಲೊವೊ’ ಪತ್ರಿಕೆಯಲ್ಲಿ ಇನ್ನೊಬ್ಬ ತರುಣ ಅದೇ ಕಾದಂಬರಿಯನ್ನು ಓದಿದ. ದ್ಮಿತ್ರಿ ಪಿಸರೆವ್‌ಗೆ ಆಗ 21 ವರ್ಷ. ಕುಲೀನ ಮನೆತನದವನಾದರೂ ಹೊಸ ವಿಚಾರಗಳಲ್ಲಿ ಎಲ್ಲರಿಗಿಂತ ಮುಂದಿದ್ದವನು. ‘ಬಜಾರೊವ್’ ಎಂಬ ಅವನ ಲೇಖನದ ವಾದ ಸರಳ: ತುರ್ಗೆನೆವ್‌ಗೆ ಬಜಾರೊವ್ ಇಷ್ಟವಿರಲಿ, ಇಲ್ಲದಿರಲಿ, ಅವನ ಪ್ರಾಮಾಣಿಕ ಕಲೆ ಅವನ ಇಷ್ಟವನ್ನು ಮೀರಿದೆ. ಕಾದಂಬರಿ ಬರೆಯುವಾಗ ಲೇಖಕ ಹೊರಗಿನಿಂದ ನೋಡಿದ್ದರಿಂದಲೇ ಒಳಗಿನವರಿಗೆ ಕಾಣದ ದೋಷಗಳೂ ಅವನಿಗೆ ಕಂಡಿವೆ, ಅವನ್ನು ಒಪ್ಪಿಕೊಳ್ಳಬೇಕು. ಬಜಾರೊವ್ ಒರಟನೇ, ಅಹಂಕಾರಿಯೇ, ಆದರೂ ನಾವು ಅವನೇ. ಸಾಯುವಾಗ ಅವನು ತೋರಿದ ಗಟ್ಟಿತನವನ್ನು ಪಿಸರೆವ್ ಒಂದು ಮಹತ್ಕಾರ್ಯಕ್ಕೆ ಸಮವೆಂದು ಎಣಿಸಿದ. ಹೀಗೆ ಒಂದೇ ತಿಂಗಳು, ಒಂದೇ ಪಾಳೆಯದ ಇಬ್ಬರು ಒಂದೇ ಪಾತ್ರದ ಬಗ್ಗೆ ಎದುರುಬದುರು ತೀರ್ಪು ಕೊಟ್ಟರು. ಮಗ ನಮ್ಮವನಲ್ಲ ಎಂದ ಅಂತೊನೊವಿಚ್‌ಗಿಂತ, ತಪ್ಪು ಸಮೇತ ನಮ್ಮವನೇ ಎಂದ ಪಿಸರೆವ್ ದೊಡ್ಡ ಓದುಗ. ಆ ವರ್ಷದ ಓದುಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದೂ ಅದೇ. ಮುಂದಿನ ಹತ್ತು ವರ್ಷ ರಷ್ಯಾದ ಹುಡುಗರು ಕಪ್ಪೆ ಕೊಯ್ದದ್ದಕ್ಕೆ ತುರ್ಗೆನೆವ್ ಎಷ್ಟು ಕಾರಣನೋ ಪಿಸರೆವ್ ಅಷ್ಟೇ ಕಾರಣ.

ಉಳಿದವರದು ಇವೆರಡರ ನಡುವಣ ದಾರಿಗಳು. ದಾಸ್ತೊಯೆವ್ಸ್ಕಿ ಸೋದರರ ‘ವ್ರೆಮ್ಯಾ’ ಪತ್ರಿಕೆಯಲ್ಲಿ ನಿಕೊಲಾಯ್ ಸ್ತ್ರಾಖೊವ್, ಬಜಾರೊವ್‌ನನ್ನು ಸೋಲಿಸಿದ್ದು ಪಾವೆಲ್ ಪೆಟ್ರೊವಿಚ್ ಅಲ್ಲ, ಬದುಕು ಎಂದ. ಪ್ರೇಮ, ನಿಸರ್ಗ, ಹೆತ್ತವರ ಮಮತೆ ಎಂಬ ಶಕ್ತಿಗಳ ಎದುರು ಅವನು ನಿಂತು ಬಿದ್ದ ಮಹಾಕಾಯ ಎಂಬುದು ಸ್ತ್ರಾಖೊವ್‌ನ ಓದು. ಕಾದಂಬರಿಯ ಬಗ್ಗೆ ದಾಸ್ತೊಯೆವ್ಸ್ಕಿ ಲೇಖಕನಿಗೆ ಬರೆದ ಪತ್ರ ಇಂದು ಸಿಗುವುದಿಲ್ಲ, ಅದಕ್ಕೆ ತುರ್ಗೆನೆವ್ ಬರೆದ ಉತ್ತರ ಉಳಿದಿದೆ. ತನ್ನ ಉದ್ದೇಶವನ್ನು ಪೂರ್ತಿ ತಿಳಿದುಕೊಂಡವರೆಂದು ಅವನು ಗುರುತಿಸಿದ್ದು ದಾಸ್ತೊಯೆವ್ಸ್ಕಿ ಮತ್ತು ತನ್ನ ಗೆಳೆಯ ಬೋತ್ಕಿನ್ ಇಬ್ಬರನ್ನೇ. ಕಾತ್ಕೊವ್ ತಾನೇ ಅಚ್ಚು ಹಾಕಿದ ಕೃತಿಯ ಕುರಿತು ತನ್ನದೇ ಪತ್ರಿಕೆಯಲ್ಲಿ ಎರಡು ಲೇಖನ ಬರೆದ. ಲಂಡನ್ನಿನಲ್ಲಿದ್ದ ಹೆರ್ಜೆನ್, ಅಪ್ಪಂದಿರ ತಲೆಮಾರಿನ ಅತ್ಯಂತ ಚುರುಕಿನ ಮನುಷ್ಯ, ತುರ್ಗೆನೆವ್ ತನ್ನ ನಾಯಕನ ಮೇಲೆ ಸಿಟ್ಟಾಗಿ ಅನ್ಯಾಯ ಮಾಡಿದನೆಂದು ಅವನಿಗೇ ಪತ್ರ ಬರೆದ. ಕೆಲವು ವರ್ಷಗಳ ಮೇಲೆ ‘ಮತ್ತೊಮ್ಮೆ ಬಜಾರೊವ್’ ಎಂಬ ಬರಹದಲ್ಲಿ ಮಕ್ಕಳಿಗೂ ಬುದ್ಧಿ ಹೇಳಿದ.

ವಿಮರ್ಶಕರ ಆಚೆಗೆ ಸಾಮಾನ್ಯ ಓದುಗರಿದ್ದರು. 1861ರ ಶರತ್ಕಾಲದ ಗಲಭೆಗಳ ನಂತರ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬೀಗ ಬಿದ್ದಿತ್ತು, ಅನೇಕ ವಿದ್ಯಾರ್ಥಿಗಳು ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿದ್ದರು. ಅಲ್ಲಿನ ರಷ್ಯನ್ ಹುಡುಗರ ಆಕ್ಷೇಪಗಳನ್ನು ಕವಿ ಸ್ಲುಚೆವ್ಸ್ಕಿ ತುರ್ಗೆನೆವ್‌ಗೆ ಬರೆದು ತಿಳಿಸಿದ. ಏಪ್ರಿಲ್‌ನಲ್ಲಿ ಬಂದ ಉತ್ತರ ಈ ಕಾದಂಬರಿಯ ಬಗ್ಗೆ ಲೇಖಕ ಕೊಟ್ಟ ಅತ್ಯಂತ ನೇರ ಹೇಳಿಕೆ. ಕೃತಿ ಕುಲೀನ ವರ್ಗದ ವಿರುದ್ಧವಾಗಿದೆ, ಬೇಕೆಂದೇ ಆ ವರ್ಗದ ಒಳ್ಳೆಯವರನ್ನು ಆರಿಸಿಕೊಂಡೆ, ಕೆನೆಯೇ ಹೀಗಿದ್ದರೆ ಹಾಲು ಹೇಗಿದ್ದೀತು ಎಂಬುದು ಅವನ ವಾದದ ಸಾರ. ಬಜಾರೊವ್‌ನನ್ನು ಅವನ ಒರಟುತನದ ಸಮೇತ ಓದುಗ ಪ್ರೀತಿಸದಿದ್ದರೆ ತಪ್ಪು ತನ್ನದೆಂದೂ ಒಪ್ಪಿಕೊಂಡ. ಹುಡುಗರಿಗೆ ಸಮಾಧಾನವಾಯಿತೆಂದು ಹೇಳುವಂತಿಲ್ಲ. ಒಂದು ಕಡೆಯವರು ತನ್ನ ಭಾವಚಿತ್ರಗಳನ್ನು ತಿರಸ್ಕಾರದಿಂದ ಸುಡುತ್ತಿದ್ದರೆ, ಇನ್ನೊಂದು ಕಡೆಯವರು ತಾನು ಅದೇ ಯುವಜನರ ಕಾಲಿಗೆ ಬಿದ್ದೆನೆಂದು ಬೈಯುತ್ತಿದ್ದರೆಂದು ಅವನು ಮುಂದೆ ನೆನೆದಿದ್ದಾನೆ.

ಮೇ ತಿಂಗಳಲ್ಲಿ ಸಾಹಿತ್ಯದ ಜಗಳ ಬೀದಿಗೆ ಬಂತು. ಪೀಟರ್ಸ್‌ಬರ್ಗ್‌ನಲ್ಲಿ ಸಾಲು ಸಾಲಾಗಿ ಬೆಂಕಿ ಬಿದ್ದು, 28ರಂದು ಅಪ್ರಾಕ್ಸಿನ್ ಮಾರುಕಟ್ಟೆ ಸುಟ್ಟುಹೋಯಿತು. ಹಚ್ಚಿದವರು ಯಾರೆಂದು ಎಂದೂ ಸಾಬೀತಾಗಲಿಲ್ಲ, ವದಂತಿ ಮಾತ್ರ ವಿದ್ಯಾರ್ಥಿಗಳತ್ತ ಕೈ ತೋರಿತು. ಅಂದೇ ಊರಿಗೆ ಮರಳಿದ ತುರ್ಗೆನೆವ್‌ಗೆ ನೆವ್ಸ್ಕಿ ಬೀದಿಯಲ್ಲಿ ಎದುರಾದ ಪರಿಚಿತನೊಬ್ಬ, ನಿನ್ನ ನಿಹಿಲಿಸ್ಟರು ಏನು ಮಾಡುತ್ತಿದ್ದಾರೆ ನೋಡು ಎಂದನಂತೆ. ಪದ ತುರ್ಗೆನೆವ್ ಹುಟ್ಟಿಸಿದ್ದಲ್ಲ, ಮೊದಲೇ ಬಳಕೆಯಲ್ಲಿತ್ತು. ಆದರೆ ಮೂರು ತಿಂಗಳಲ್ಲಿ ಅದು ಪೊಲೀಸರ ಬಾಯಿಗೂ ಬಂದಿತ್ತು. ರಹಸ್ಯ ಪೊಲೀಸ್ ಇಲಾಖೆಯಾದ ‘ಮೂರನೆಯ ವಿಭಾಗ’ 1862ರ ವಾರ್ಷಿಕ ವರದಿಯಲ್ಲಿ ಈ ಕಾದಂಬರಿ ಜನರ ಮನಸ್ಸಿನ ಮೇಲೆ ಒಳ್ಳೆಯ ಪರಿಣಾಮ ಬೀರಿತೆಂದು ಮೆಚ್ಚಿ ಬರೆಯಿತು. ಲೇಖಕನಿಗೆ ಇದಕ್ಕಿಂತ ಕೆಟ್ಟ ಹೊಗಳಿಕೆ ಬೇಕಿರಲಿಲ್ಲ. ಜೂನ್‌ನಲ್ಲಿ ‘ಸೊವ್ರೆಮೆನ್ನಿಕ್’ ಮತ್ತು ‘ರುಸ್ಕೊಯೆ ಸ್ಲೊವೊ’ ಎರಡನ್ನೂ ಎಂಟು ತಿಂಗಳು ನಿಲ್ಲಿಸಲಾಯಿತು. ಜುಲೈನಲ್ಲಿ ಚೆರ್ನಿಶೆವ್ಸ್ಕಿ, ಪಿಸರೆವ್ ಇಬ್ಬರೂ ಬಂಧಿತರಾದರು. ಬಜಾರೊವ್‌ನನ್ನು ತನ್ನವನೆಂದ ಪಿಸರೆವ್ ಪೀಟರ್–ಪಾಲ್ ಕೋಟೆಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದ. ಅಲ್ಲಿಂದಲೇ 1864ರಲ್ಲಿ ಬರೆದ ‘ವಾಸ್ತವವಾದಿಗಳು’ ಪ್ರಬಂಧದಲ್ಲಿ ಬಜಾರೊವ್‌ಗೆ ಮತ್ತೆ ಮರಳಿದ. ಬಿಡುಗಡೆಯಾಗಿ ಎರಡು ವರ್ಷವೂ ತುಂಬುವ ಮೊದಲೇ, 1868ರಲ್ಲಿ, ಬಾಲ್ಟಿಕ್ ಕಡಲಿನಲ್ಲಿ ಈಜುವಾಗ ಮುಳುಗಿ ಸತ್ತ. ವಯಸ್ಸು 27.

ಮನೆಗಳ ಒಳಗೆ ನಡೆದದ್ದಕ್ಕೆ ಗಣಿತಜ್ಞೆ ಸೋಫಿಯಾ ಕೊವಲೆವ್ಸ್ಕಾಯಾ ಬರೆದ ಬಾಲ್ಯದ ನೆನಪುಗಳು ಒಳ್ಳೆಯ ಸಾಕ್ಷಿ. ಅರವತ್ತರ ದಶಕದಲ್ಲಿ ರಷ್ಯಾದ ಓದಿದ ಕುಟುಂಬಗಳಿಗೆ ಇದ್ದದ್ದು ಹಿರಿಯರು ಕಿರಿಯರ ಒಡಕು ಎಂಬ ಒಂದೇ ಚಿಂತೆಯೆಂದು ಆಕೆ ನೆನೆಯುತ್ತಾಳೆ. ಹಣಕ್ಕಾಗಿಯೋ ಆಸ್ತಿಗಾಗಿಯೋ ಅಲ್ಲ, ಬರಿಯ ವಿಚಾರಗಳಿಗಾಗಿ ಮನೆಗಳು ಮುರಿಯುತ್ತಿದ್ದವು, ಹೆಣ್ಣುಮಕ್ಕಳು ಓದಲು ಮನೆ ಬಿಟ್ಟು ಓಡುತ್ತಿದ್ದರು. ಆಕೆಯ ತಂದೆ ಜನರಲ್. ಅಕ್ಕ ಅನ್ಯುತಾ ಮನೆಯವರಿಗೆ ಹೇಳದೆ ದಾಸ್ತೊಯೆವ್ಸ್ಕಿಯ ಪತ್ರಿಕೆಗೆ ಕಥೆ ಕಳಿಸಿ ಅಚ್ಚು ಮಾಡಿಸಿದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಸೋಫಿಯಾ 1868ರಲ್ಲಿ ವ್ಲಾದಿಮಿರ್ ಕೊವಲೆವ್ಸ್ಕಿಯನ್ನು ಮದುವೆಯಾದದ್ದು ಅಪ್ಪನ ಹಿಡಿತದಿಂದ ಪಾರಾಗಿ ವಿದೇಶದಲ್ಲಿ ಓದುವುದಕ್ಕೆ. ಹೆಸರಿಗಷ್ಟೇ ಮದುವೆಯಾಗಿ ಹುಡುಗಿಯನ್ನು ಮನೆಯಿಂದ ಬಿಡಿಸುವ ಈ ಉಪಾಯ ಆ ಕಾಲದ ತರುಣರಲ್ಲಿ ರೂಢಿಯಾಗಿತ್ತು. ತುರ್ಗೆನೆವ್ ಬರೆದದ್ದು ಅಪ್ಪ–ಗಂಡುಮಕ್ಕಳ ಕಥೆ. ಹೊಸ ಹೆಣ್ಣಿನ ಪಾಲಿಗೆ ಅವನು ಕೊಟ್ಟದ್ದು ಕುಕ್ಷಿನಾ ಎಂಬ ನಗೆಪಾಟಲಿನ ಪಾತ್ರ ಮಾತ್ರ. ಕಾದಂಬರಿಯ ದೊಡ್ಡ ಕುರುಡು ಇಲ್ಲಿದೆ.

ಆ ಕುರುಡನ್ನು ತುಂಬಿದ್ದು ಸೆರೆಮನೆಯಲ್ಲಿ ಬರೆದ ಇನ್ನೊಂದು ಕಾದಂಬರಿ. ಚೆರ್ನಿಶೆವ್ಸ್ಕಿ ಕೋಟೆಯಲ್ಲಿದ್ದುಕೊಂಡೇ ಬರೆದ ‘ಏನು ಮಾಡಬೇಕು?’ 1863ರಲ್ಲಿ ‘ಸೊವ್ರೆಮೆನ್ನಿಕ್’ನಲ್ಲಿ ಬಂತು. ವೇರಾ ಎಂಬ ಹುಡುಗಿ ತಾಯಿಯ ಮನೆಯಿಂದ ಹೆಸರಿಗಷ್ಟೇ ಮದುವೆಯ ಮೂಲಕ ಪಾರಾಗಿ, ಹೊಲಿಗೆಯವರ ಸಹಕಾರಿ ಕಟ್ಟುತ್ತಾಳೆ. ಅವಳ ಬದುಕಿಗೆ ಬರುವ ಇಬ್ಬರೂ ವೈದ್ಯಕೀಯ ವಿದ್ಯಾರ್ಥಿಗಳು, ಅವರಲ್ಲಿ ಒಬ್ಬನ ಹೆಸರು ಕಿರ್ಸಾನೊವ್. ತುರ್ಗೆನೆವ್‌ನ ಜಮೀನ್ದಾರ ಮನೆತನದ ಹೆಸರನ್ನು ಕಿತ್ತು ಹೊಸ ಮನುಷ್ಯನಿಗೆ ಇಟ್ಟದ್ದು ಉತ್ತರವಲ್ಲದೆ ಬೇರೇನೂ ಅಲ್ಲ. ಕಲೆಯಲ್ಲಿ ಇದು ತುರ್ಗೆನೆವ್‌ನ ಕಾದಂಬರಿಯ ಹತ್ತಿರವೂ ಬರುವುದಿಲ್ಲ, ಪ್ರಭಾವದಲ್ಲಿ ಬಹುಶಃ ಅದನ್ನೂ ಮೀರಿತು. ದಾಸ್ತೊಯೆವ್ಸ್ಕಿಯ ಉತ್ತರ 1871–72ರಲ್ಲಿ ಬಂದ ‘ದೆವ್ವಗಳು’. ಅದರಲ್ಲಿ ನಲವತ್ತರ ದಶಕದ ಮೃದು ಉದಾರವಾದಿ ಸ್ತೆಪಾನ್ ವೆರ್ಖೊವೆನ್ಸ್ಕಿಯ ಮಗ ಪ್ಯೋತ್ರ್ ಕೊಲೆಗಡುಕ ಸಂಚುಗಾರ. ಮಕ್ಕಳ ಪಾಪಕ್ಕೆ ಅಪ್ಪಂದಿರ ಬೇಜವಾಬ್ದಾರಿಯೇ ಬೇರು ಎಂಬುದು ಅದರ ಆರೋಪ. ಯುವಕರ ಮುಂದೆ ಬಾಲ ಅಲ್ಲಾಡಿಸುವ ಕರ್ಮಾಜಿನೊವ್ ಎಂಬ ಲೇಖಕನ ಪಾತ್ರದಲ್ಲಿ ತುರ್ಗೆನೆವ್‌ನನ್ನೇ ಅಣಕಿಸಲಾಗಿತ್ತು. ಒಂಬತ್ತು ವರ್ಷದ ಹಿಂದೆ ಬಜಾರೊವ್‌ನನ್ನು ಅರ್ಥಮಾಡಿಕೊಂಡವನೆಂದು ತುರ್ಗೆನೆವ್ ಯಾರನ್ನು ಮೆಚ್ಚಿದ್ದನೋ ಅವನ ಕೈಯಿಂದಲೇ ಈ ಏಟು ಬಿತ್ತು.

ತುರ್ಗೆನೆವ್ 1863ರಿಂದ ಬಾಡೆನ್–ಬಾಡೆನ್‌ನಲ್ಲಿ ನೆಲೆಸಿದ. 1869ರಲ್ಲಿ ಕಾದಂಬರಿಯ ಕುರಿತು ಬರೆದ ಸಮಜಾಯಿಷಿಯಲ್ಲಿ, ಕಲೆಯ ವಿಷಯವೊಂದನ್ನು ಬಿಟ್ಟರೆ ಬಜಾರೊವ್‌ನ ಹೆಚ್ಚುಕಡಿಮೆ ಎಲ್ಲ ನಂಬಿಕೆಗಳೂ ತನ್ನವೇ ಎಂದ. ಎರಡೂ ಕಡೆಯವರು ನಂಬಲಿಲ್ಲ. ಕಾಲವೇ ಈ ಜಗಳವನ್ನು ಹಳತಾಗಿಸಿತು. 1879ರಲ್ಲಿ ರಷ್ಯಾಕ್ಕೆ ಬಂದಾಗ ಮಾಸ್ಕೋ, ಪೀಟರ್ಸ್‌ಬರ್ಗ್‌ಗಳ ವಿದ್ಯಾರ್ಥಿಗಳು ಅವನನ್ನು ಚಪ್ಪಾಳೆಯ ಮಳೆಯಿಂದ ಸ್ವಾಗತಿಸಿದರು. 1883ರಲ್ಲಿ ಪ್ಯಾರಿಸ್ ಹತ್ತಿರದ ಬೂಜಿವಾಲ್‌ನಲ್ಲಿ ತೀರಿಕೊಂಡ ಅವನ ದೇಹವನ್ನು ಪೀಟರ್ಸ್‌ಬರ್ಗ್‌ಗೆ ತಂದು ವೋಲ್ಕೊವೊ ಸ್ಮಶಾನದಲ್ಲಿ ಹೂಳಿದ ದಿನ, ಎರಡು ವರ್ಷದ ಹಿಂದೆ ತ್ಸಾರನನ್ನು ಕೊಂದಿದ್ದ ‘ನರೋದ್ನಾಯಾ ವೋಲ್ಯಾ’ ಸಂಘಟನೆ ಗುಪ್ತ ಕರಪತ್ರ ಹೊರಡಿಸಿ ಅವನಿಗೆ ಗೌರವ ಸಲ್ಲಿಸಿತು. ಬರೆದವನು ಯಾಕುಬೊವಿಚ್ ಎಂಬ ತರುಣ ಕವಿ.

ಈ ಇಪ್ಪತ್ತು ವರ್ಷದ ವಾದಗಳಲ್ಲಿ ಹೆಚ್ಚಿನವರು ಗಮನಿಸದೆ ದಾಟಿಹೋದದ್ದು ಕಾದಂಬರಿಯ ಅತ್ಯುತ್ತಮ ಪುಟಗಳನ್ನು, ಅಂದರೆ ಬಜಾರೊವ್‌ನ ಹೆತ್ತವರ ಪುಟಗಳನ್ನು. ನಿವೃತ್ತ ಸೈನಿಕ ವೈದ್ಯ ವಾಸಿಲಿ ಇವಾನೊವಿಚ್, ಶಕುನಗಳನ್ನು ನಂಬುವ ಅರೀನಾ ವ್ಲಾಸ್ಯೆವ್ನಾ. ಮೂರು ವರ್ಷದ ಮೇಲೆ ಬಂದ ಮಗ ಮೂರೇ ದಿನಕ್ಕೆ ಹೊರಟು ನಿಲ್ಲುತ್ತಾನೆ. ಮಗನಿಗೆ ಬೇಸರವಾದೀತೆಂದು ಅಪ್ಪ ತನ್ನ ಸಂಭ್ರಮವನ್ನೇ ಅಡಗಿಸಿಕೊಳ್ಳುತ್ತಾನೆ. ಇವರಿಗೆ ಯಾವ ಪಕ್ಷವೂ ಇಲ್ಲ, ಹಾಗಾಗಿ ಯಾವ ಪಕ್ಷದ ವಿಮರ್ಶಕನಿಗೂ ಇವರು ಬೇಕಾಗಲಿಲ್ಲ. ಸ್ತ್ರಾಖೊವ್‌ನಂಥ ಒಬ್ಬಿಬ್ಬರಿಗೆ ಅಷ್ಟಿಷ್ಟು ಕಂಡಿರಬಹುದು. ಕಾದಂಬರಿ ಬಂದಾಗ ಎರಡು ವರ್ಷದ ಮಗುವಾಗಿದ್ದ ಚೆಖೊವ್ 1893ರಲ್ಲಿ ಅದನ್ನು ಓದಿ ಗೆಳೆಯ ಸುವೊರಿನ್‌ಗೆ ಪತ್ರ ಬರೆದ. ಅವನೂ ವೈದ್ಯ. ಬಜಾರೊವ್‌ನ ಕಾಯಿಲೆಯ ವರ್ಣನೆ ಓದುತ್ತ ತನಗೇ ಆ ಸೋಂಕು ತಗುಲಿದಂತೆ ನಿಶ್ಶಕ್ತಿಯಾಯಿತೆಂದ. ತುರ್ಗೆನೆವ್‌ನ ಹೆಂಗಸರನ್ನೆಲ್ಲ ಸಹಿಸಲಾಗದ ಕೃತಕ ಗೊಂಬೆಗಳೆಂದು ತಳ್ಳಿಹಾಕಿ, ಬಜಾರೊವ್‌ನ ಮುದುಕಿ ತಾಯಿಯನ್ನೂ ಇತರ ತಾಯಂದಿರನ್ನೂ ಮಾತ್ರ ಆ ಮಾತಿನಿಂದ ಹೊರಗಿಟ್ಟ.